ಸಹಾಯ ಬೇಕು: ಫೈನಲ್ ಎಕ್ಸ್‌ಪೆನ್ಸ್ ಪಾಲಿಸಿ (ಅಂತ್ಯಕ್ರಿಯೆ ಖರ್ಚಿನ ಇನ್ಶೂರೆನ್ಸ್) ಯಾವ ಕಂಪನೀಲಿ ಮಾಡ್ಸೋದು?

ನಮಸ್ಕಾರ, ನಾನು ಟೆಕ್ಸಾಸ್‌ನಲ್ಲಿ ಇನ್ಶೂರೆನ್ಸ್ ಏಜೆಂಟು, ಹೊಸಬ. ಕ್ಲೈಂಟ್ ಒಬ್ರು ಅಜ್ಜಿ, 71 ವರ್ಷ, ಸ್ಟೆಂಟ್ ಹಾಕ್ಸಿ 14 ತಿಂಗಳಾಗಿದೆ, ಮಣ್ಣು ಮಾಡೋ ಖರ್ಚಿಗೆ 10,000 ಡಾಲರ್ ಇದ್ರೆ ಸಾಕು ಅಂತಾರೆ. ಒಂದು ಕಂಪನಿ ಹಾರ್ಟ್ ಬಗ್ಗೆ ಹಿಂದಿನ 12 ತಿಂಗಳದ್ದು ಮಾತ್ರ ಕೇಳತ್ತೆ, ಮೊದಲ್ನೇ ದಿನದಿಂದ್ಲೇ ಪೂರ್ತಿ ಕವರ್, ಆದ್ರೆ ಪ್ರೀಮಿಯಂ ಒಂದೇ ಫಿಕ್ಸೆಡ್ ತಾರೀಕಿಗೆ ಕಟ್ ಆಗೋದು. ಅಜ್ಜಿಗೆ ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಬರೋದು ತಿಂಗಳ ಮೂರನೇ ಬುಧವಾರ, ಅದರ ತಾರೀಕು ಪ್ರತಿ ತಿಂಗಳೂ ಬದಲಾಗತ್ತೆ, ಬಂದ ಎರಡೇ ದಿನಕ್ಕೆ ಬಾಡಿಗೆ ಔಷಧಿ ಅಂತ ಅಕೌಂಟ್ ಖಾಲಿ. ಇನ್ನೊಂದು ಕಂಪನಿ ಆ ಬುಧವಾರಾನೇ ತಗೊಳತ್ತೆ, ಆದ್ರೆ ಹಿಂದಿನ 24 ತಿಂಗಳದ್ದು ಕೇಳೋದ್ರಿಂದ ಗ್ರೇಡೆಡ್ ಪ್ಲಾನೇ ಗತಿ, ಎರಡು ವರ್ಷದೊಳಗೆ ಕಾಯಿಲೆಯಿಂದ ಹೋಗ್ಬಿಟ್ರೆ ಕಟ್ಟಿದ ದುಡ್ಡು, ಮೇಲೊಂಚೂರು ಬಡ್ಡಿ ಅಷ್ಟೇ. ಕೋಟ್ ಸಾಫ್ಟ್‌ವೇರ್ ಬರೀ ರೇಟ್ ತೋರ್ಸತ್ತೆ. ಸೀನಿಯರ್ ಕೇಳಿದ್ರೆ ಕಮಿಷನ್ ನೋಡು ಅಂತಾರೆ, ಪಾಲಿಸಿ ಲ್ಯಾಪ್ಸ್ ಆದ್ರೆ ಕಂಪನಿ ಮೊದ್ಲೇ ಕೊಟ್ಟ ಅಡ್ವಾನ್ಸ್ ಕಮಿಷನ್ ವಾಪಸ್ ಕಿತ್ಕೊಳೋದು ನನ್ನಿಂದ್ಲೇ ಅಲ್ವಾ! ನೀವಾಗಿದ್ರೆ ಪ್ರೀಮಿಯಂ ಬೌನ್ಸ್ ಆಗೋ ರಿಸ್ಕ್ ತಗೊಂಡು ಮೊದಲ್ನೇದಕ್ಕೆ ಹಾಕ್ತಿದ್ರಾ, ಇಲ್ಲಾ ಗ್ರೇಡೆಡ್‌ಗಾ?