ಬ್ಯಾಡಗಿಯ ಖಾರದಪುಡಿಗೆ ವೆಬ್‌ಸೈಟ್ ಮಾಡಿಸಬೇಕು, ಸ್ಟುಡಿಯೋದವರ ಹತ್ತಿರ ಏನು ಕೇಳಬೇಕು?

ಪ್ರಶ್ನೆ, ಬ್ಯಾಡಗಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಮೆಣಸಿನಕಾಯಿ ವ್ಯಾಪಾರ. ಅಪ್ಪ ಚೀಲಗಟ್ಟಲೆ ಮಾರುತ್ತಾರೆ. ನಾನು ಎರಡು ವರ್ಷದಿಂದ ಖಾರದಪುಡಿ ಕುಟ್ಟಿಸಿ ಅರ್ಧ ಕೆಜಿ, ಒಂದು ಕೆಜಿ ಪಾಕೀಟು ಮಾಡಿ ಬೆಂಗಳೂರು, ಪುಣೆ ಕಡೆ ಕಳಿಸುತ್ತಿದ್ದೇನೆ, ಆರ್ಡರ್ ಎಲ್ಲ ವಾಟ್ಸಾಪ್‌ನಲ್ಲೇ. ಈಗ ಒಂದು ವೆಬ್‌ಸೈಟ್ ಮಾಡಿಸೋಣ ಅಂತ ಹುಬ್ಬಳ್ಳಿಯ ಒಂದು ವೆಬ್ ಡಿಸೈನ್ ಸ್ಟುಡಿಯೋಗೆ ಹೋಗಿದ್ದೆ. ಇತ್ತೀಚೆಗೆ ಮಾಡಿದ ಆರೇಳು ಕೆಲಸಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ತುಂಬಾ ಚಂದ ಇದ್ದವು. ರಿಯಾಕ್ಟ್, ತ್ರೀಡಿ, ಎಐ ಅಂತೆಲ್ಲ ವಿವರಿಸಿದರು, ಮೆಣಸಿನಕಾಯಿ ಪರದೆಯ ಮೇಲೆ ತಿರುಗುವ ಹಾಗೆ ಮಾಡಿಕೊಡ್ತೀವಿ ಅಂದರು. ಎಲ್ಲಕ್ಕೂ ಹೂಂ ಅಂದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ, ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಲ್ಲ ಅನ್ನಿಸಿತು. ಮಾಡಿಸಿದವರು, ಮಾಡುವವರು ನಿಮ್ಮ ಅನುಭವ ಹೇಳಿ.

ಹುಬ್ಬಳ್ಳಿಯಿಂದ:

ಅಕ್ಕಾ, ನಾನು ಇದೇ ಕೆಲಸ ಮಾಡುವವನು. ವಿದ್ಯಾನಗರದಲ್ಲಿ ನಮ್ಮದು ಮೂರು ಜನರ ಸಣ್ಣ ಸ್ಟುಡಿಯೋ. ಹಾಗಾಗಿ ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳ್ತೀನಿ.

ಮೊದಲನೆಯದು, ಅವರು ತೋರಿಸಿದ ಕೆಲಸಗಳ ವಿಳಾಸ ಬರೆದುಕೊಂಡು ಬನ್ನಿ. ಅವನ್ನು ಅವರ ಆಫೀಸಿನಲ್ಲಿ ಅವರ ವೈಫೈ ಮೇಲೆ ನೋಡಬೇಡಿ. ನಿಮ್ಮ ಮೊಬೈಲಿನಲ್ಲಿ, ಮಾರುಕಟ್ಟೆ ದಿನ, ಜನ ತುಂಬಿ ನೆಟ್‌ವರ್ಕ್ ಎಳೆದಾಡುವ ಹೊತ್ತಿನಲ್ಲಿ ತೆಗೆದು ನೋಡಿ. ಗೂಗಲ್‌ನವರು ಒಂದು ಅಳತೆ ಇಟ್ಟಿದ್ದಾರೆ: ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನ ಒಳಗೆ ಕಾಣಬೇಕು. ಒತ್ತಿದ ಬಟನ್ 200 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡಬೇಕು ಅನ್ನುವುದನ್ನು 2024ರ ಮಾರ್ಚ್‌ನಲ್ಲಿ ಸೇರಿಸಿದರು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅಂತ ಅವರದೇ ಪುಟ ಇದೆ, ದುಡ್ಡಿಲ್ಲ, ವಿಳಾಸ ಹಾಕಿದರೆ ಅದೇ ಹೇಳುತ್ತದೆ. ಹೀಗೆ ನೋಡಿಕೊಂಡು ಬಂದ ಗಿರಾಕಿ ಜತೆ ಮಾತಾಡುವುದು ನಮಗೂ ಸುಲಭ.

ತಿರುಗುವ ಮೆಣಸಿನಕಾಯಿ ಬಗ್ಗೆ. ನಮಗೂ ತ್ರೀಡಿ ಅಂದರೆ ಬಹಳ ಆಸೆ, ಬಿಡುವಿದ್ದಾಗ ಈಗಲೂ ಕಲಿಯುತ್ತೇವೆ. ಹೋದ ವರ್ಷ ಬೆಟಗೇರಿಯ ಒಂದು ನೇಕಾರರ ಮನೆಯ ಸೀರೆಗಳಿಗೆ ಹಾಗೆ ಮಾಡಿದೆವು, ಸೆರಗು ಗಾಳಿಗೆ ಹಾರುವ ಹಾಗೆ. ಅದೊಂದೇ 9 ಎಂಬಿ ಆಯಿತು. ಬೆಟಗೇರಿಗೆ ಹೋಗಿ, ಮಗ್ಗದ ಪಕ್ಕ ನಿಂತು, ಆ ಮನೆಯ ಅಕ್ಕ ತಮ್ಮ ಮೊಬೈಲಿನಲ್ಲಿ ತೆಗೆದರೆ ಬರೀ ಬಿಳಿ ಪರದೆ. ಅವರು ಏನೂ ಅನ್ನಲಿಲ್ಲ, ಸೆರಗಿನಿಂದ ಗಾಜು ಒರೆಸಿ ಮತ್ತೊಮ್ಮೆ ನೋಡಿದರು. ಫೋನೇ ಕೆಟ್ಟಿದೆ ಅಂದುಕೊಂಡಿದ್ದರು. ವಾಪಸ್ ಬಂದು ಎಲ್ಲ ತೆಗೆದುಹಾಕಿದೆವು. ಬೆಳಗ್ಗೆ ಎಂಟರ ಬೆಳಕಿನಲ್ಲಿ ಬಾಗಿಲ ಮುಂದೆ ಸೀರೆ ಹಾಸಿ ಹೊಸದಾಗಿ ಫೋಟೋ ತೆಗೆದು, ವೆಬ್‌ಪಿ ಅನ್ನುವ ಹಗುರ ಫೈಲ್ ರೂಪಕ್ಕೆ ಇಳಿಸಿ ಹಾಕಿದೆವು. ಒಂದೊಂದು ಫೋಟೋ 100 ಕೆಬಿ ಒಳಗೆ ಬಂತು. ಟ್ಯೂಬ್‌ಲೈಟ್ ಕೆಳಗೆ ತೆಗೆದಿದ್ದಾಗ ಕೆಂಪು ಸೀರೆ ಗುಲಾಬಿ ಕಾಣಿಸುತ್ತಿತ್ತು, ಅದೂ ಸರಿ ಹೋಯಿತು. ನಿಮ್ಮ ಮಾಲು ಮಾರುವುದೇ ಬಣ್ಣದ ಮೇಲೆ ಅಲ್ವಾ? ಆ ಕಡುಗೆಂಪು, ಆ ಸುಕ್ಕು ಸರಿಯಾಗಿ ಕಂಡರೆ ಸಾಕು, ತಿರುಗುವುದು ಬೇಡ.

ರಿಯಾಕ್ಟ್ ಅಂದರೆ ವೆಬ್ ಪರದೆ ಕಟ್ಟುವ ಕೋಡ್ ಸಲಕರಣೆ, ಕೆಟ್ಟದ್ದಲ್ಲ. 2013ರಲ್ಲಿ ಫೇಸ್‌ಬುಕ್‌ನವರು ಹೊರಗೆ ಬಿಟ್ಟಿದ್ದು, ಗಳಿಗೆಗೊಮ್ಮೆ ಬದಲಾಗುವ ಪರದೆಗಳಿಗೆ ಒಳ್ಳೆಯದು. ಆದರೆ ಹತ್ತು ಹನ್ನೆರಡು ಪುಟ, ವರ್ಷಕ್ಕೆ ನಾಲ್ಕು ಸಲ ದರ ಬದಲಾಗುವ ಅಂಗಡಿಗೆ ಅಷ್ಟು ಭಾರ ಯಾಕೆ? ಇಂಥ ಕೆಲಸಕ್ಕೆ ನಾವು ಈಗ ಹ್ಯೂಗೋ ಅಥವಾ ಆಸ್ಟ್ರೋ ಅನ್ನುವ ಸಲಕರಣೆ ಬಳಸುತ್ತೇವೆ. ಪುಟಗಳು ಮೊದಲೇ ತಯಾರಾಗಿ ಕೂತಿರುತ್ತವೆ, ಕೇಳಿದ ಕೂಡಲೇ ಹೋಗುತ್ತವೆ. ನೀವೇ ದಿನಾ ಬರೆಯಬೇಕು, ಫೋಟೋ ಹಾಕಬೇಕು ಅಂದರೆ ವರ್ಡ್‌ಪ್ರೆಸ್ ಸರಿ, ಅದನ್ನು ಕನ್ನಡದಲ್ಲೇ ನಡೆಸಬಹುದು. ಆದರೆ ಅಪ್‌ಡೇಟ್ ಯಾರು ಮಾಡ್ತಾರೆ ಅನ್ನುವುದು ಮೊದಲೇ ಗೊತ್ತಿರಬೇಕು. ಬಿಟ್ಟರೆ ಸೈಟಿಗೆ ಆನ್‌ಲೈನ್ ಕಳ್ಳರು ನುಗ್ಗುತ್ತಾರೆ.

ಇನ್ನು ಕನ್ನಡ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಯಾಕೆಂದರೆ ಎಲ್ಲರೂ ಇಲ್ಲೇ ಎಡವುತ್ತಾರೆ. ಡಿಸೈನ್ ಮಾಡುವಾಗ ಇಂಗ್ಲಿಷ್ ಅಕ್ಷರ ಇಟ್ಟು ಮಾಡಿರುತ್ತಾರೆ, ಕೊನೆಗೆ ಕನ್ನಡ ತಂದು ಸುರಿಯುತ್ತಾರೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬೇಕು. ಒಂದು ಸೈಟಿನಲ್ಲಿ 'ಕೊಳ್ಳಿ' ಅನ್ನುವ ಬಟನ್‌ನಲ್ಲಿ ಒತ್ತು ಕತ್ತರಿಸಿ ಹೋಗಿ 'ಕೊಳಿ' ಅಂತ ಕಾಣುತ್ತಿತ್ತು. ಸಾಲಿನ ಎತ್ತರ ಅಕ್ಷರದ ಅಳತೆಯ 1.6 ಪಟ್ಟಾದರೂ ಇಡಿ ಅನ್ನಿ. ಅಕ್ಷರಗಳ ನಡುವೆ ಸುಮ್ನೆ ಅಂತರ ಎಳೆಯಬೇಡಿ ಅನ್ನಿ. ಫಾಂಟ್‌ಗೆ ದುಡ್ಡು ಕೇಳಿದರೆ ಕೊಡುವ ಅಗತ್ಯವಿಲ್ಲ. ಓದುವ ಭಾಗಕ್ಕೆ ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಇದೆ, ಹೆಡ್ಡಿಂಗ್‌ಗೆ ಗೂಗಲ್ ಫಾಂಟ್ಸ್‌ನಲ್ಲಿ 'ಹುಬ್ಬಳ್ಳಿ' ಅನ್ನುವ ಹೆಸರಿನದೇ ಒಂದಿದೆ, ಎಲ್ಲವೂ ಉಚಿತ. ನಮ್ಮೂರಿನ ಹೆಸರು ಅಂತ ಅಲ್ಲ, ನಿಜವಾಗಲೂ ಮುದ್ದಾಗಿದೆ.

ಎಐ ನಾವೂ ಬಳಸುತ್ತೇವೆ, ಕೋಡ್ ಬರೆಯುವಾಗ ಸಮಯ ಉಳಿಯುತ್ತದೆ. ಆದರೆ ಮಾಲಿನ ವಿವರವನ್ನು ಅದರ ಕೈಯಲ್ಲಿ ಬರೆಸಬೇಡಿ. ಮೆಣಸಿನಕಾಯಿಯಲ್ಲಿ ಕಡ್ಡಿ ತಳಿ ಯಾವುದು, ಡಬ್ಬಿ ತಳಿ ಯಾವುದು, ಯಾವುದರಲ್ಲಿ ಬೀಜ ಜಾಸ್ತಿ ಅಂತ ನಿಮ್ಮ ಅಪ್ಪ ಗಿರಾಕಿಗೆ ಹೇಳ್ತಾರಲ್ಲ, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹಾಗೇ ಬರೆಯಿರಿ.

ಗದಗಿನಿಂದ:

ಮೇಲೆ ಕನ್ನಡದ ಬಗ್ಗೆ ಹೇಳಿದ್ದಕ್ಕೆ ನಮ್ಮದೂ ಸೇರಿಸುತ್ತೇನೆ. ನಮ್ಮದು ಹಳೆಯ ಪ್ರೆಸ್ಸು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು, ನಮ್ಮ ಹತ್ತಿರ ಪುಸ್ತಕಗಳ ಪಟ್ಟಿ ಎಲ್ಲ ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ತಂತ್ರಾಂಶದಲ್ಲಿ, 'ನುಡಿ' ಅನ್ನುವ ಹಳೇ ಫಾಂಟಿನ ಅಕ್ಷರದಲ್ಲಿತ್ತು. ಸ್ಟುಡಿಯೋದವರು ಅದನ್ನು ಈಗ ಎಲ್ಲ ಫೋನು, ಕಂಪ್ಯೂಟರ್ ಓದುವ ಯೂನಿಕೋಡ್‌ಗೆ ಬದಲಿಸಿ ಹಾಕಿದರು. ನೋಡಲು ಕನ್ನಡವೇ. ಆದರೆ ಅರ್ಕಾವತ್ತು ಬಂದ ಕಡೆಯೆಲ್ಲ ತಪ್ಪು. 'ಕರ್ನಾಟಕ' ಹೋಗಿ 'ಕನಾರ್ಟಕ', 'ವರ್ಷ' ಹೋಗಿ 'ವಷರ್'. ಹಳೇ ಪದ್ಧತಿಯಲ್ಲಿ ಅರ್ಕಾವತ್ತನ್ನು ಅಕ್ಷರ ಆದ ಮೇಲೆ ಒತ್ತುತ್ತಿದ್ದೆವು, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು, ಬದಲಿಸುವ ತಂತ್ರಾಂಶ ಅಲ್ಲೇ ಸೋತಿತ್ತು. ಹಾಗೆ ಕೂತ ಪುಸ್ತಕದ ಹೆಸರನ್ನು ಯಾರು ಹುಡುಕಿದರೂ ಗೂಗಲ್‌ನಲ್ಲಿ ಸಿಗುವುದಿಲ್ಲ. ಅರ್ಧ ವರ್ಷ ನಮಗೆ ಗೊತ್ತೇ ಆಗಲಿಲ್ಲ.

ಕೊನೆಗೆ ಸರಿ ಮಾಡಿದವರು ನಮ್ಮಲ್ಲಿ ಮೊದಲು ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅಜ್ಜಾರು. ಪರದೆಯ ಮೇಲೆ ಓದಲು ಒಪ್ಪಲಿಲ್ಲ, ಪ್ರಿಂಟ್ ತೆಗೆದುಕೊಟ್ಟೆವು. ಅಳತೆಪಟ್ಟಿ ಇಟ್ಟು ಸಾಲು ಸಾಲಾಗಿ ನೋಡಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದರು. ಹಣ ಪೂರ್ತಿ ಕೊಡುವ ಮುಂಚೆ ಇಂಥ ಒಬ್ಬರ ಕಣ್ಣಿಗೆ ತೋರಿಸಿರಿ.

ರಾಣೆಬೆನ್ನೂರಿನಿಂದ:

ಒಂದೇ ಮಾತು. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ. ನಮ್ಮ ಬೀಜದ ಅಂಗಡಿಯದು ಮಾಡಿಕೊಟ್ಟ ಹುಡುಗನ ಹೆಸರಲ್ಲಿತ್ತು. ಅವನು ಕೆಲಸ ಸಿಕ್ಕು ಬೆಂಗಳೂರಿಗೆ ಹೋದ, ನಂಬರ್ ಬದಲಾಯಿತು, ನವೀಕರಣದ ದಿನ ದಾಟಿತು, ಯಾರೋ ಕೊಂಡುಕೊಂಡರು. ಚೀಲದ ಮೇಲೆ ಪ್ರಿಂಟ್ ಮಾಡಿಸಿದ್ದ ವಿಳಾಸ ಈಗ ನಮ್ಮದಲ್ಲ. ಬಹಳ ನೋವಾಗುತ್ತದೆ. ವಿಳಾಸದ ಪಕ್ಕ ಬೀಗದ ಗುರುತು ಬರಿಸುವ ಸುರಕ್ಷತಾ ಪ್ರಮಾಣಪತ್ರ ಎಸ್‌ಎಸ್‌ಎಲ್‌ಗೆ ಅಂತ ಬೇರೆ ದುಡ್ಡು ಕೇಳಿದರೂ ಯೋಚಿಸಿ, ಲೆಟ್ಸ್ ಎನ್‌ಕ್ರಿಪ್ಟ್‌ನವರು ಉಚಿತವಾಗಿ ಕೊಡುತ್ತಾರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಆನ್‌ಲೈನ್ ದುಡ್ಡು ಕಟ್ಟುವ ವ್ಯವಸ್ಥೆ ಈಗಲೇ ಬೇಕಾ? ವಾರಕ್ಕೆ ಇಪ್ಪತ್ತು ಆರ್ಡರ್ ಬಂದರೆ ಹೆಚ್ಚು.

ಹುಬ್ಬಳ್ಳಿಯಿಂದ:

ಇಪ್ಪತ್ತಕ್ಕೆ ಬೇಡ ಅಕ್ಕಾ. ವಾಟ್ಸಾಪ್ ಬಟನ್, ಯುಪಿಐ ಸಾಕು. ಪೇಮೆಂಟ್ ಗೇಟ್‌ವೇಯವರು ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿ ಆಸುಪಾಸು ಹಿಡಿಯುತ್ತಾರೆ. ನೋಟ್‌ಬುಕ್ಕಿನಲ್ಲಿ ಬರೆದು ಸಾಗದು ಅನ್ನಿಸಿದ ದಿನ ಸೇರಿಸಿದರಾಯಿತು, ಹಾಗೆ ಸೇರಿಸಲು ಬರುತ್ತದಾ ಅಂತ ಮಾತ್ರ ಈಗಲೇ ಕೇಳಿಡಿ. ಆಹಾರ ಪರವಾನಗಿಯ ಎಫ್‌ಎಸ್‌ಎಸ್‌ಎಐ ನಂಬರ್ ಪುಟದ ಮೇಲೆ ಹಾಕಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಈ ಊರಿನ ಮಾಲು ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ ನಿಜ, ಆದರೆ ಆ ಮುದ್ರೆ ಹಾಕಲು ನೀವೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಡಿಸೈನ್ ಮಾಡುವವರು ಚಂದ ಕಾಣುತ್ತದೆ ಅಂತ ಹಾಕಿಬಿಡುತ್ತಾರೆ, ಬೇಡ ಅನ್ನಿ.

ಪ್ರಶ್ನೆ ಕೇಳಿದವರು, ಹತ್ತು ದಿನದ ಮೇಲೆ:

ಮತ್ತೆ ಹೋಗಿದ್ದೆ. ಅವರು ತೋರಿಸಿದ್ದ ಏಳರಲ್ಲಿ ನಾಲ್ಕು ನಮ್ಮ ಅಂಗಡಿಯ ಮುಂದೆ ನನ್ನ ಫೋನಿನಲ್ಲಿ ಬೇಗ ತೆರೆದವು, ಮೂರು ತೆರೆಯಲಿಲ್ಲ. ಅದನ್ನೇ ಹೇಳಿದೆ. ಬೇಜಾರಾಗಲಿಲ್ಲ ಅವರು, ಕೂತು ಕೇಳಿದರು. ತ್ರೀಡಿ ಬಿಟ್ಟರು, ಅದರ ಹಣ ಫೋಟೋಗೆ ತಿರುಗಿಸಿದರು. ಡೊಮೇನ್ ನನ್ನ ಇಮೇಲ್‌ನಲ್ಲಿ ಅಲ್ಲೇ ಕೂತು ಕೊಂಡೆ. ಬರುವ ಸೋಮವಾರ ಬೆಳಗ್ಗೆ ಏಳಕ್ಕೆ ಕ್ಯಾಮೆರಾ ತರುತ್ತಾರೆ. ಅಪ್ಪ ಹೊಸ ಮಾಲಿನಲ್ಲಿ ಒಂದು ಚೀಲ ಕಡ್ಡಿ, ಒಂದು ಚೀಲ ಡಬ್ಬಿ ಬೇರೆ ಎತ್ತಿಟ್ಟಿದ್ದಾರೆ.