ಸ್ಟೀಮ್ ಡೆಕ್: ಅಪ್‌ಡೇಟ್ ಆದ ಮೇಲೆ ಹೊರಗಿನಿಂದ ಹಾಕಿಕೊಂಡ ತಂತ್ರಾಂಶಗಳು ಕಾಣೆಯಾಗಿವೆ

ಪ್ರಶ್ನೆ

ನಮಸ್ಕಾರ. ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರಾದ ಸ್ಟೀಮ್ ಡೆಕ್ಕನ್ನು ನಾನು ಆಟಕ್ಕಷ್ಟೇ ಅಲ್ಲದೆ, ಡೆಸ್ಕ್‌ಟಾಪ್ ಮೋಡ್‌ನಲ್ಲಿ ಕೀಬೋರ್ಡ್ ಜೋಡಿಸಿ ಕನ್ನಡದಲ್ಲಿ ಬರೆಯುವುದಕ್ಕೂ ಬಳಸುತ್ತೇನೆ. ಟರ್ಮಿನಲ್ ತೆರೆದು, ಸಿಸ್ಟಂ ಭಾಗಕ್ಕಿರುವ ರೀಡ್-ಓನ್ಲಿ (ಓದಬಹುದು, ಬದಲಿಸಲಾಗದು) ರಕ್ಷಣೆಯನ್ನು ತೆಗೆದು, ತಂತ್ರಾಂಶ ಹಾಕುವ ಸಾಧನವಾದ ಪ್ಯಾಕ್‌ಮನ್ ಮೂಲಕ ಒಂದು ಎಮ್ಯುಲೇಟರ್ (ಬೇರೆ ಯಂತ್ರಗಳ ಆಟಗಳನ್ನು ಆಡಿಸುವ ತಂತ್ರಾಂಶ), ಒಂದು ಕನ್ನಡ ಫಾಂಟ್ ಮತ್ತು ಕನ್ನಡ ಟೈಪಿಂಗ್‌ನ ಪ್ಯಾಕೇಜುಗಳನ್ನು ಹಾಕಿಕೊಂಡಿದ್ದೆ. ನಿನ್ನೆ ರಾತ್ರಿ ಅಪ್‌ಡೇಟ್ ಮುಗಿದು ಯಂತ್ರ ಮತ್ತೆ ಶುರುವಾದಾಗ ಮೂರೂ ಇರಲಿಲ್ಲ. ಎಮ್ಯುಲೇಟರಿನ ಸೇವ್ ಕಡತಗಳು ಮಾತ್ರ ಇದ್ದಲ್ಲೇ ಇವೆ. ನಾನು ಎಲ್ಲಿ ತಪ್ಪಿದೆ? ಪ್ರತಿ ಸಲವೂ ಹೀಗಾಗುವುದಾದರೆ ಇದನ್ನು ಮುಕ್ತ ಯಂತ್ರವೆಂದು ಕರೆಯುವುದು ಹೇಗೆ?

ಉತ್ತರ

ಯಂತ್ರ ಕೆಟ್ಟಿಲ್ಲ, ತಾವು ತಂತ್ರಾಂಶ ಹಾಕಿದ ಜಾಗ ಉಳಿಯುವಂಥದ್ದಲ್ಲ, ಅಷ್ಟೆ. ಡೆಕ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಸ್ಟೀಮ್ ಓಎಸ್ 3, ಆರ್ಚ್ ಎಂಬ ಲಿನಕ್ಸ್ ಬಗೆಯನ್ನು ಆಧರಿಸಿದ್ದರೂ, ಅಪ್‌ಡೇಟ್ ಆಗುವ ರೀತಿ ಸಾಮಾನ್ಯ ಆರ್ಚ್‌ನಂತಿಲ್ಲ. ಡಿಸ್ಕ್‌ನಲ್ಲಿ ಸಿಸ್ಟಂಗೆಂದೇ ತಲಾ 5 ಜಿಬಿಯ ಎರಡು ವಿಭಾಗಗಳಿದ್ದು, ತಾವು ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಹೊಸ ಆವೃತ್ತಿಯ ಇಡೀ ಪ್ರತಿ ಇನ್ನೊಂದರಲ್ಲಿ ಬರೆಯಲ್ಪಡುತ್ತದೆ, ಮುಂದಿನ ಸಲ ಯಂತ್ರ ಅದರಿಂದಲೇ ಏಳುತ್ತದೆ. ಪ್ಯಾಕ್‌ಮನ್ ಹಾಕಿದ್ದೆಲ್ಲ ಹಳೆಯ ವಿಭಾಗದಲ್ಲೇ ಉಳಿಯಿತು. ಸೇವ್ ಕಡತಗಳು ಬಳಕೆದಾರರ ಕಡತಗಳಿಗೆಂದೇ ಇರುವ ಹೋಮ್ ವಿಭಾಗದಲ್ಲಿದ್ದುದರಿಂದ ಬದುಕಿಕೊಂಡವು. ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ವಿಭಾಗದಿಂದ ಯಂತ್ರವನ್ನು ಎಬ್ಬಿಸಬಹುದೆಂಬುದು ಈ ವ್ಯವಸ್ಥೆಯ ದೊಡ್ಡ ಲಾಭ, ಆದ್ದರಿಂದ ರಕ್ಷಣೆಯನ್ನು ಮತ್ತೆ ಮತ್ತೆ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಎಮ್ಯುಲೇಟರನ್ನು ಡೆಸ್ಕ್‌ಟಾಪ್ ಮೋಡ್‌ನ ಆ್ಯಪ್ ಅಂಗಡಿಯಾದ ಡಿಸ್ಕವರ್‌ನಿಂದ ಫ್ಲಾಟ್‌ಪ್ಯಾಕ್ (ಸಿಸ್ಟಂ ಭಾಗವನ್ನು ಮುಟ್ಟದ ಪ್ಯಾಕೇಜ್) ರೂಪದಲ್ಲಿ ಹಾಕಿಕೊಳ್ಳಿ. ಅದೂ ಅದರ ಸೆಟ್ಟಿಂಗ್‌ಗಳೂ ಅಪ್‌ಡೇಟ್ ಆದ ಮೇಲೂ ಉಳಿಯುತ್ತವೆ. ಫಾಂಟಿಗೆ ಪ್ಯಾಕೇಜೇ ಬೇಡ: ಕಡತಗಳನ್ನು ನೋಡುವ ಡಾಲ್ಫಿನ್ ಆ್ಯಪ್‌ನಲ್ಲಿ ಅಡಗಿಸಿದ ಫೋಲ್ಡರುಗಳನ್ನು ತೋರಿಸಿ, ಹೋಮ್‌ನೊಳಗೆ ಚುಕ್ಕಿಯಿಂದ ಆರಂಭವಾಗುವ ಲೋಕಲ್ ಫೋಲ್ಡರಿಗೆ ಹೋಗಿ, ಅದರೊಳಗಿನ ಶೇರ್‌ನಲ್ಲಿ ಫಾಂಟ್ಸ್ ಎಂಬ ಫೋಲ್ಡರ್ ಮಾಡಿ, ಫಾಂಟಿನ ಟಿಟಿಎಫ್ ಕಡತವನ್ನು ಅಲ್ಲಿಡಿ. ಅಲ್ಲಿಟ್ಟ ಫಾಂಟ್ ಫ್ಲಾಟ್‌ಪ್ಯಾಕ್ ಆ್ಯಪ್‌ಗಳಿಗೂ ಸಿಗುತ್ತದೆ.

ಟೈಪಿಂಗ್ ವಿಷಯದಲ್ಲಿ ತಾವು ಇಷ್ಟು ಕಷ್ಟಪಡಬೇಕಾಗಿರಲಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರ ತಂದಿತು. ಲಿನಕ್ಸ್‌ನ ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡ ಈಗಾಗಲೇ ಇದೆ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರೊಳಗೆ ಲೇಔಟ್ಸ್ ತೆರೆದು ಕನ್ನಡ ಹುಡುಕಿದರೆ ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕಗಪ ವಿನ್ಯಾಸವೂ ಕಾಣಿಸುತ್ತದೆ. ಅದನ್ನು ಸೇರಿಸಿದರೆ ಸಾಕು, ಆ ಆಯ್ಕೆಯೂ ಹೋಮ್‌ನಲ್ಲೇ ಉಳಿಯುತ್ತದೆ.

ಪ್ಯಾಕ್‌ಮನ್ ಇಲ್ಲದೆ ಆಗುವುದೇ ಇಲ್ಲ ಎನ್ನುವ ತಂತ್ರಾಂಶಕ್ಕೆ, ಸಿಸ್ಟಂನೊಳಗೇ ಇನ್ನೊಂದು ಲಿನಕ್ಸನ್ನು ಪ್ರತ್ಯೇಕವಾಗಿ ನಡೆಸುವ ಡಿಸ್ಟ್ರೋಬಾಕ್ಸ್ ಎಂಬ ಸಾಧನವಿದೆ. ಸ್ಟೀಮ್ ಓಎಸ್‌ನ 3.5ನೇ ಆವೃತ್ತಿಯಿಂದ ಅದು ಸಿಸ್ಟಂ ಜೊತೆಗೇ ಬರುತ್ತದೆ. ಅದರೊಳಗೆ ಪೂರ್ಣ ಆರ್ಚ್ ಅಥವಾ ಉಬುಂಟು ಪರಿಸರ ಕಟ್ಟಿಕೊಳ್ಳಬಹುದು, ಮತ್ತು ಅದು ಹೋಮ್‌ನಲ್ಲೇ ಇರುತ್ತದೆ.

ಇನ್ನು ಮುಕ್ತತೆಯ ಮಾತು. ತಾವು ಪಾಸ್‌ವರ್ಡ್ ಇಟ್ಟು ಸುಡೋ (ಪೂರ್ಣ ಅಧಿಕಾರ ಕೊಡುವ ಆಜ್ಞೆ) ಬಳಸಿದಾಗ ಯಾರ ಅನುಮತಿಯನ್ನೂ ಕೇಳಬೇಕಾಗಿ ಬರಲಿಲ್ಲ. ವಾಲ್ಯೂಮ್ ತಗ್ಗಿಸುವ ಗುಂಡಿಯನ್ನೂ ಪವರ್ ಗುಂಡಿಯನ್ನೂ ಒಟ್ಟಿಗೆ ಒತ್ತಿ, ಯುಎಸ್‌ಬಿಯಿಂದ ಬೇರೊಂದು ಓಎಸ್ಸನ್ನೇ ಹಾಕಿಕೊಳ್ಳುವುದಕ್ಕೂ ತಡೆಯಿಲ್ಲ. ಬೀಗ ಹಾಕಿದ ಗೇಮಿಂಗ್ ಕನ್ಸೋಲ್‌ಗಳಲ್ಲಿ ಇಷ್ಟು ಸ್ವಾತಂತ್ರ್ಯ ಸಿಗುವುದಿಲ್ಲ.

ಮರುಪ್ರಶ್ನೆ

ಧನ್ಯವಾದಗಳು. ಕಗಪ ವಿನ್ಯಾಸ ಸಿಕ್ಕಿತು, ಫಾಂಟೂ ಕೆಲಸ ಮಾಡುತ್ತಿದೆ. ಆದರೆ ಫ್ಲಾಟ್‌ಪ್ಯಾಕ್ ಎಮ್ಯುಲೇಟರಿಗೆ ಎಸ್‌ಡಿ ಕಾರ್ಡಿನಲ್ಲಿರುವ ಕಡತಗಳು ಕಾಣುತ್ತಿಲ್ಲ. ಡಾಲ್ಫಿನ್‌ನಲ್ಲಿ ಅವು ಸರಿಯಾಗಿ ತೆರೆಯುತ್ತವೆ.

ಉತ್ತರ

ಫ್ಲಾಟ್‌ಪ್ಯಾಕ್ ಆ್ಯಪ್‌ಗಳು ತಮಗೆ ಅನುಮತಿಯಿರುವ ಫೋಲ್ಡರುಗಳನ್ನಷ್ಟೇ ನೋಡಬಲ್ಲವು. ಡಿಸ್ಕವರ್‌ನಿಂದ ಈ ಅನುಮತಿಗಳನ್ನು ಬದಲಿಸುವ ಫ್ಲಾಟ್‌ಸೀಲ್ ಆ್ಯಪ್ ಹಾಕಿಕೊಂಡು, ಎಡಗಡೆಯ ಪಟ್ಟಿಯಲ್ಲಿ ಎಮ್ಯುಲೇಟರನ್ನು ಆರಿಸಿ, ಫೈಲ್‌ಸಿಸ್ಟಂ ಭಾಗದಲ್ಲಿ ಎಸ್‌ಡಿ ಕಾರ್ಡಿನ ದಾರಿಯನ್ನು ಸೇರಿಸಿ. ದಾರಿಯನ್ನು ಕೈಯಿಂದ ಬರೆಯುವ ಬದಲು ಡಾಲ್ಫಿನ್‌ನ ವಿಳಾಸಪಟ್ಟಿಯಿಂದ ನಕಲಿಸಿದರೆ ಅಕ್ಷರ ತಪ್ಪುವುದಿಲ್ಲ. ಎಮ್ಯುಲೇಟರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದ ಮೇಲೆಯೇ ಅನುಮತಿ ಜಾರಿಗೆ ಬರುತ್ತದೆ.