ತಾರಸಿ ಮೇಲೆ ಶೀಟ್ ಹಾಕಿಸಲು ಪರ್ಮಿಷನ್ ಬೇಕಾ? ಸಹಾಯ ಮಾಡಿ

ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮದು 30×40 ಸೈಟು, ಎ ಖಾತಾ (ಪಾಲಿಕೆ ದಾಖಲೆಯಲ್ಲಿ ಸಕ್ರಮ ಆಸ್ತಿ). ಪ್ಲಾನ್ ಸ್ಯಾಂಕ್ಷನ್ ಆಗಿರುವ ಗ್ರೌಂಡ್ ಪ್ಲಸ್ ಒನ್ ಮನೆ. ತಾರಸಿಯಲ್ಲಿ ವಾಷಿಂಗ್ ಮಷೀನ್ ಇಡೋಕೆ, ಬಟ್ಟೆ ಒಣಹಾಕೋಕೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹೊದಿಸಬೇಕು. ಮೂರು ಕಡೆ ಓಪನ್. ಎರಚಲು ಹೊಡೆಯುವ ಕಡೆ ಮಾತ್ರ ಅರ್ಧ ಗೋಡೆ.

"ಶೀಟಿಗೆಲ್ಲಾ ಯಾರ್ ಕೇಳ್ತಾರೆ ಸಾರ್" ಅಂತಾನೆ ವೆಲ್ಡರ್. ಅವನಿಗೇನು, ನೋಟಿಸ್ ಬರೋದು ನಮಗೆ ತಾನೇ! ಆಫೀಸಿನಲ್ಲಿ ಒಬ್ಬರು ಏನೂ ಬೇಡ ಅಂದರು, ಇನ್ನೊಬ್ಬರು ರಿವೈಸ್ಡ್ ಪ್ಲಾನ್ ಮಾಡಿಸಿ ಅಂದರು. ಕಟ್ಟಡ ನಿಯಮಗಳ ಬೈಲಾ ತೆಗೆದು ನೋಡಿದೆ. ಮೆಟ್ಟಿಲಿನ ರೂಮು, ನೀರಿನ ಟ್ಯಾಂಕ್ ಎಫ್‌ಎಆರ್ (ಸೈಟಿನ ಅಳತೆಗೆ ಒಟ್ಟು ಎಷ್ಟು ಕಟ್ಟಬಹುದು ಅನ್ನೋ ಮಿತಿ) ಲೆಕ್ಕಕ್ಕೆ ಬರಲ್ಲ, ಅಷ್ಟು ಗೊತ್ತಾಯಿತು. ಶೀಟ್ ವಿಷಯದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಹೀಗೆ ಓಪನ್ ಇರುವ ಶೀಟ್ ಕೂಡ ಎಫ್‌ಎಆರ್‌ಗೆ ಸೇರುತ್ತಾ? ಅರ್ಧ ಗೋಡೆ ಕಟ್ಟದೆ ಬರೀ ಶೀಟ್ ಆದರೆ ಪರ್ಮಿಷನ್ ಇಲ್ಲದೆ ಹಾಕಿಸಬಹುದಾ? ಇತ್ತೀಚೆಗೆ ಹಾಕಿಸಿದವರು ಅಥವಾ ಇಂಜಿನಿಯರ್‌ಗಳು ಇದ್ದರೆ ದಯವಿಟ್ಟು ತಿಳಿಸಿ.